ಮೆಟ್ಟಿಲಲ್ಲಿ ಹೋದರೆ 7, ಓರೆಯಾಗಿ ಹೋದರೆ 5: ಲಂಬಕೋನ ತ್ರಿಭುಜಕ್ಕೆ ವರ್ಗವೇ ಯಾಕೆ ಬೇಕು?

ಪ್ರಶ್ನೆ: ನನ್ನ ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ವರ್ಗ ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂದು ಬಾಯಿಪಾಠ ಮಾಡಿದ್ದಾಳೆ. ಲೆಕ್ಕವನ್ನೂ ಸರಿಯಾಗಿ ಮಾಡುತ್ತಾಳೆ. ಆದರೆ ಮೊನ್ನೆ ಒಂದು ಚಿತ್ರ ಬರೆದು ತೋರಿಸಿದಳು. 3 ಅಗಲ, 4 ಎತ್ತರದ ಲಂಬಕೋನ ತ್ರಿಭುಜ. ಓರೆ ಗೆರೆಯ ಬದಲು ಮೆಟ್ಟಿಲು ಬರೆದರೆ ಒಟ್ಟು ಉದ್ದ 7. ಮೆಟ್ಟಿಲು ಚಿಕ್ಕದು ಮಾಡಿದರೂ 7. ಇನ್ನೂ ಚಿಕ್ಕದು ಮಾಡಿದರೂ 7. ಕೊನೆಗೆ ಮೆಟ್ಟಿಲು ಓರೆ ಗೆರೆಯೇ ಆಗಿಬಿಡುತ್ತದೆ, ಹಾಗಿದ್ದರೆ ಅದರ ಉದ್ದ 5 ಹೇಗೆ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟಕ್ಕೂ ಉದ್ದ ಕಂಡುಹಿಡಿಯಲು ವರ್ಗ ಯಾಕೆ ಬೇಕು? ಇದು ಪೈಥಾಗೊರಸ್‌ನದೋ, ಬೌಧಾಯನನದೋ? ಮನೆ ಕಟ್ಟುವವರು ದಾರ ಹಿಡಿದು 3-4-5 ಎಂದು ಮೂಲೆ ನೋಡುವುದೂ ಇದೇ ಪ್ರಮೇಯವೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ಶಭಾಷ್ ಹೇಳಿ. ನಾನು ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗ ಬೋರ್ಡಿನ ಹತ್ತಿರ ಬಂದು ಇದೇ ಮೆಟ್ಟಿಲು ಬರೆದಿದ್ದ. "ಅಷ್ಟು ಚಿಕ್ಕ ಮೆಟ್ಟಿಲು ಯಾರಿಗೂ ಬರೆಯೋಕಾಗಲ್ಲ, ಹೋಗಿ ಕೂತ್ಕೋ" ಎಂದು ಕಳಿಸಿಬಿಟ್ಟೆ. ಅದು ಉತ್ತರವಲ್ಲ, ನಾನು ತಪ್ಪಿಸಿಕೊಂಡ ರೀತಿ. ಅವತ್ತು ನನಗೂ ಗೊತ್ತಿರಲಿಲ್ಲ.

ನೀವು ಕೇಳಿದ ಪ್ರಶ್ನೆಗಳು ಬೇರೆ ಬೇರೆ ಥರ ಕಾಣುತ್ತವೆ. ಆದರೆ ಹೆಚ್ಚಿನವುಗಳ ಬೇರು ಒಂದೇ. ಈ ಪ್ರಮೇಯವನ್ನು ನಾವು ಉದ್ದದ ಮಾತು ಎಂದುಕೊಂಡುಬಿಡುತ್ತೇವೆ. ಲೆಕ್ಕದಲ್ಲಿ ಕೊಡುವುದು ಉದ್ದ, ಕೇಳುವುದೂ ಉದ್ದ, ಅದಕ್ಕೇ ಹಾಗನ್ನಿಸುತ್ತದೆ. ನಿಜವಾಗಿ ಪ್ರಮೇಯ ಮಾತಾಡುವುದು ವಿಸ್ತೀರ್ಣದ ಬಗ್ಗೆ. ಉದ್ದ ಸಿಗುವುದು ಆಮೇಲೆ, ವರ್ಗಮೂಲ ತೆಗೆದಾಗ. ಇದೊಂದು ಸರಿಯಾಗಿ ಕೂತರೆ ಮೆಟ್ಟಿಲಿನ ಗಂಟು ತಾನಾಗೇ ಬಿಚ್ಚಿಕೊಳ್ಳುತ್ತದೆ.

"ವರ್ಗ" ಎಂಬ ಪದವನ್ನೇ ನೋಡಿ. 5ರ ವರ್ಗ 25 ಎನ್ನುವಾಗ ನಮ್ಮ ಕಣ್ಣಿಗೆ ಐದನ್ನು ಐದರಿಂದ ಗುಣಿಸಿದ್ದು ಕಾಣುತ್ತದೆ. ಅದೇ ಪದಕ್ಕೆ ಚೌಕ ಎಂಬ ಅರ್ಥವೂ ಇದೆಯಲ್ಲ, ಅದನ್ನು ಮರೆತಿರುತ್ತೇವೆ. "ವಿಕರ್ಣದ ಮೇಲಿನ ವರ್ಗ" ಅಂದರೆ ವಿಕರ್ಣವನ್ನು ಒಂದು ಬದಿಯಾಗಿ ಇಟ್ಟುಕೊಂಡು ಬರೆದ ಚೌಕ. ಆ ಚೌಕದಲ್ಲಿ ಎಷ್ಟು ಜಾಗ ಇದೆಯೋ ಅಷ್ಟೇ ಜಾಗ ಉಳಿದೆರಡು ಬಾಹುಗಳ ಮೇಲಿನ ಚೌಕಗಳಲ್ಲಿ ಒಟ್ಟಾಗಿ ಇದೆ. ಪ್ರಮೇಯ ಅಷ್ಟೇ. ಎರಡು ಚಿಕ್ಕ ಚೌಕ ಮಾಡಲು ಬೇಕಾದ ಕಾಗದದಲ್ಲಿ ದೊಡ್ಡ ಚೌಕವೂ ಆಗುತ್ತದೆ, ಒಂದು ಚೂರೂ ಮಿಗುವುದಿಲ್ಲ, ಕಡಿಮೆಯೂ ಬೀಳುವುದಿಲ್ಲ.

ಯಾಕೆ ಹಾಗೆ? ಇದಕ್ಕೆ ಕಾಗದ, ಕತ್ತರಿ ತಗೊಳ್ಳಿ. ಸುಮ್ನೆ ಓದಿದರೆ ಮನಸ್ಸಿಗೆ ಹತ್ತುವುದಿಲ್ಲ.

3 ಮತ್ತು 4 ಬಾಹುಗಳ ಲಂಬಕೋನ ತ್ರಿಭುಜಗಳನ್ನು ನಾಲ್ಕು ಕತ್ತರಿಸಿಕೊಳ್ಳಿ. ಎಲ್ಲವೂ ಒಂದೇ ಅಳತೆಯವು. ಒಂದೊಂದರ ವಿಸ್ತೀರ್ಣ 6, ನಾಲ್ಕಕ್ಕೆ 24. ಈಗ 7 ಬದಿಯ ಒಂದು ದೊಡ್ಡ ಚೌಕ ಬರೆಯಿರಿ. ಅದರ ಒಳಗಿನ ಜಾಗ 49. ನಾಲ್ಕು ಮೂಲೆಯಲ್ಲೂ ಒಂದೊಂದು ತ್ರಿಭುಜವನ್ನು ಅದರ ಲಂಬಕೋನ ಮೂಲೆಗೆ ಸರಿಯಾಗಿ ಕೂರುವಂತೆ ಇಡಿ. ಚೌಕದ ಪ್ರತಿ ಬದಿಯಲ್ಲೂ ಒಂದು ತ್ರಿಭುಜದ 3, ಪಕ್ಕದ ತ್ರಿಭುಜದ 4, ಸೇರಿ 7 ಆಗಬೇಕು. ನಡುವೆ ಓರೆಯಾಗಿ ನಿಂತ ಒಂದು ಚೌಕ ಖಾಲಿ ಉಳಿಯುತ್ತದೆ. ಅದರ ನಾಲ್ಕೂ ಬದಿ ತ್ರಿಭುಜದ ವಿಕರ್ಣಗಳೇ. ಅದರ ಜಾಗ ಎಷ್ಟು? 49ರಲ್ಲಿ 24 ಕಳೆದರೆ 25. ಹಾಗಾಗಿ ಬದಿ 5.

ಈಗ ಅದೇ ದೊಡ್ಡ ಚೌಕದಲ್ಲಿ ತ್ರಿಭುಜಗಳನ್ನು ಸರಿಸಿ. ಎರಡೆರಡನ್ನು ವಿಕರ್ಣಕ್ಕೆ ವಿಕರ್ಣ ತಾಗಿಸಿ 3×4ರ ಎರಡು ಆಯತ ಮಾಡಿ. ಒಂದನ್ನು ಮಲಗಿಸಿ ಮೇಲಿನ ಎಡ ಮೂಲೆಗೆ, ಇನ್ನೊಂದನ್ನು ನಿಲ್ಲಿಸಿ ಕೆಳಗಿನ ಬಲ ಮೂಲೆಗೆ ತಳ್ಳಿ. ಈಗ ಖಾಲಿ ಉಳಿಯುವುದು ಒಂದಲ್ಲ, ಎರಡು ಚೌಕ. ಒಂದರ ಬದಿ 3, ಇನ್ನೊಂದರ ಬದಿ 4. ದೊಡ್ಡ ಚೌಕ ಅದೇ, ತ್ರಿಭುಜಗಳೂ ಅವೇ. ಹಾಗಾದರೆ ಖಾಲಿ ಜಾಗ ಬದಲಾಗಲು ಸಾಧ್ಯವೇ ಇಲ್ಲ. 9 + 16 = 25.

3 ಮತ್ತು 4ರ ಜಾಗದಲ್ಲಿ ಯಾವ ಅಳತೆ ಹಾಕಿದರೂ ಈ ಆಟ ನಡೆಯುತ್ತದೆ. ಬಾಹುಗಳು ಅ, ಬ ಇರಲಿ, ವಿಕರ್ಣ ಕ ಇರಲಿ. ಚೌಕದ ಬದಿ ಅ + ಬ. ಒಮ್ಮೆ ಉಳಿಯುವುದು ಕ², ಇನ್ನೊಮ್ಮೆ ಉಳಿಯುವುದು ಅ² + ಬ². ಸಾಧನೆ ಮುಗಿಯಿತು.

ಆದರೆ ಒಂದು ಕಡೆ ನಿಲ್ಲಬೇಕು. ಮೊದಲ ಜೋಡಣೆಯಲ್ಲಿ ನಡುವೆ ಉಳಿದಿದ್ದು ಚೌಕ ಎಂದು ಹೇಗೆ ಗೊತ್ತು? ನಾಲ್ಕು ಬದಿ ಸಮ ಇದ್ದರೆ ಸಾಲದು, ತಳ್ಳಿದ ಚೌಕಟ್ಟಿನ ಹಾಗೆ ಅದು ಓರೆ ಬಿದ್ದಿರಬಹುದಲ್ವಾ? ಕೋನ ನೋಡಿ. ದೊಡ್ಡ ಚೌಕದ ಬದಿಯ ಮೇಲೆ ಎರಡು ತ್ರಿಭುಜಗಳು ಸೇರುವ ಬಿಂದುವಿನಲ್ಲಿ ಮೂರು ಕೋನಗಳಿವೆ. ಒಂದು ತ್ರಿಭುಜದ ಚಿಕ್ಕ ಕೋನ, ಇನ್ನೊಂದು ತ್ರಿಭುಜದ ದೊಡ್ಡ ಲಘುಕೋನ, ಇವೆರಡರ ನಡುವೆ ಖಾಲಿ ಆಕೃತಿಯ ಕೋನ. ಮೂರೂ ಸೇರಿ ಸರಳಕೋನ, 180 ಡಿಗ್ರಿ. ಲಂಬಕೋನ ತ್ರಿಭುಜದಲ್ಲಿ ಉಳಿದೆರಡು ಕೋನಗಳ ಮೊತ್ತ ಯಾವಾಗಲೂ 90. ಹಾಗಾಗಿ ನಡುವಿನದು 90 ಆಗಲೇಬೇಕು. ಲಂಬಕೋನ ಇಲ್ಲದಿದ್ದರೆ ಪ್ರಮೇಯ ಮುರಿದು ಬೀಳುವುದು ಈ ಜಾಗದಲ್ಲೇ. ಪಾಠದಲ್ಲಿ ಈ ಸಾಲನ್ನು ಹಾರಿಸುವುದು ಜಾಸ್ತಿ. ನನ್ನ ಪ್ರಕಾರ ಇಡೀ ಸಾಧನೆಯ ಜೀವ ಇರುವುದು ಇಲ್ಲಿ.

ಇದೇ ನಾಲ್ಕು ತ್ರಿಭುಜಗಳಿಂದ ಭಾಸ್ಕರಾಚಾರ್ಯನ ಜೋಡಣೆಯನ್ನೂ ಮಾಡಬಹುದು. ಈ ಸಲ ತ್ರಿಭುಜಗಳನ್ನು ವಿಕರ್ಣದ ಚೌಕದ ಒಳಗೆ ಇಡಬೇಕು. ಪ್ರತಿ ತ್ರಿಭುಜದ ವಿಕರ್ಣ ಚೌಕದ ಒಂದೊಂದು ಬದಿಯಾಗುತ್ತದೆ. ನಡುವೆ ಒಂದು ಪುಟ್ಟ ಚೌಕ ಉಳಿಯುತ್ತದೆ, ಅದರ ಬದಿ 4 − 3 = 1. ಲೆಕ್ಕ 24 + 1 = 25. ಹೊರಗಿನಿಂದ ನೋಡಿದರೆ 49 − 24, ಒಳಗಿನಿಂದ ನೋಡಿದರೆ 1 + 24. ಎರಡೂ ದಾರಿ 25ಕ್ಕೇ ಬಂದು ನಿಲ್ಲುತ್ತವೆ.

ಈ 1, 25, 49 ಮೂರನ್ನೂ ನೆನಪಿಟ್ಟುಕೊಳ್ಳಿ. ಒಂದು ಕೈವಾರ ಇದೆ ಎಂದುಕೊಳ್ಳಿ, ಅದರ ಒಂದು ಕಾಲು 3, ಇನ್ನೊಂದು 4. ಪೂರ್ತಿ ಮುಚ್ಚಿದರೆ ತುದಿಗಳ ನಡುವಿನ ಅಂತರ 1. ಪೂರ್ತಿ ಬಿಚ್ಚಿ ನೇರ ಮಾಡಿದರೆ 7. ವರ್ಗ ಲೆಕ್ಕ ಹಾಕಿದರೆ 1 ಮತ್ತು 49. ಲಂಬಕೋನಕ್ಕೆ ಬಿಚ್ಚಿದಾಗ ವರ್ಗ 25, ಅಂದರೆ 1 ಮತ್ತು 49ರ ಸರಿಯಾದ ನಡು. 60 ಡಿಗ್ರಿಗೆ ಬಿಚ್ಚಿದರೆ ಅಂತರದ ವರ್ಗ 13, 120 ಡಿಗ್ರಿಗೆ 37. ಇವೂ 25ರ ಎರಡೂ ಕಡೆ 12ರಷ್ಟು ದೂರದಲ್ಲೇ ಕೂತಿವೆ. ಮುಂದಿನ ತರಗತಿಗಳಲ್ಲಿ ಕೊಸೈನ್ ನಿಯಮ ಎಂದು ಕಲಿಸುವುದು ಇದನ್ನೇ: ಕೊಸೈನ್ ಅಂದರೆ ಕೋನಕ್ಕೆ ತಕ್ಕಂತೆ ಬದಲಾಗುವ ಒಂದು ಸಂಖ್ಯೆ, 25ರಿಂದ ಅದರ 24 ಪಟ್ಟು ಕಳೆಯಬೇಕು. ಲಂಬಕೋನದಲ್ಲಿ ಕೊಸೈನ್ ಸೊನ್ನೆ, ಹಾಗಾಗಿ ಕಳೆಯಲು ಏನೂ ಇಲ್ಲ. ಪೈಥಾಗೊರಸ್ ಪ್ರಮೇಯ ಎಂದರೆ ಆ ತಿದ್ದುಪಡಿ ಮಾಯವಾಗುವ ಒಂದೇ ಒಂದು ಸ್ಥಿತಿ.

ಈಗ ಮೆಟ್ಟಿಲಿಗೆ ಬರೋಣ.

ನಿಮ್ಮ ಮಗಳು ಓರೆ ಗೆರೆಯ ಪಕ್ಕದಲ್ಲಿ 10 ಮೆಟ್ಟಿಲು ಬರೆದಳು ಎಂದುಕೊಳ್ಳಿ. ಪ್ರತಿ ಮೆಟ್ಟಿಲು 0.3 ಅಗಲ, 0.4 ಎತ್ತರ. ಮೆಟ್ಟಿಲಿಗೂ ಓರೆ ಗೆರೆಗೂ ನಡುವೆ ಹತ್ತು ಪುಟ್ಟ ತ್ರಿಭುಜಗಳು ಸಿಗುತ್ತವೆ. ಒಂದೊಂದರ ವಿಸ್ತೀರ್ಣ 0.06, ಹತ್ತಕ್ಕೆ 0.6. 100 ಮೆಟ್ಟಿಲು ಮಾಡಿದರೆ ನಡುವಿನ ಜಾಗ ಒಟ್ಟು 0.06. ಸಾವಿರಕ್ಕೆ 0.006. ನೋಡಿ, ನಡುವಿನ ವಿಸ್ತೀರ್ಣ ನಿಜವಾಗಿಯೂ ಸೊನ್ನೆಯ ಕಡೆ ಓಡುತ್ತಿದೆ. ಕಣ್ಣಿಗೆ "ಮೆಟ್ಟಿಲು ಗೆರೆಯೇ ಆಯಿತು" ಎಂದು ಕಾಣುವುದು ಇದರಿಂದ. ಕಣ್ಣು ನೋಡುತ್ತಿರುವುದು ಜಾಗವನ್ನು, ಆ ಮಟ್ಟಿಗೆ ಅದು ಮೋಸ ಹೋಗಿಲ್ಲ.

ಉದ್ದದ ಕಥೆ ಬೇರೆ. ಆ ಪುಟ್ಟ ತ್ರಿಭುಜವೊಂದನ್ನು ಹಿಡಿದು ದೊಡ್ಡದು ಮಾಡಿ ನೋಡಿ. ಅದು ಮೊದಲಿನ 3-4-5 ತ್ರಿಭುಜದ ಪಡಿಯಚ್ಚು. ಅದರ ಎರಡು ಬಾಹುಗಳ ಮೊತ್ತಕ್ಕೂ ವಿಕರ್ಣಕ್ಕೂ ಇರುವ ಅನುಪಾತ 7:5. ಇರುವೆಯಷ್ಟು ಚಿಕ್ಕದು ಮಾಡಿದರೂ 7:5, ಧೂಳಿನಷ್ಟು ಮಾಡಿದರೂ 7:5. ಒಂದು ಮೆಟ್ಟಿಲಿನಲ್ಲಿ ಜಾಸ್ತಿ ಆಗುವ ಉದ್ದ ಕಡಿಮೆಯಾಗುತ್ತದೆ ನಿಜ. ಆದರೆ ಅಷ್ಟೇ ಪಟ್ಟು ಮೆಟ್ಟಿಲುಗಳ ಸಂಖ್ಯೆ ಏರುತ್ತದೆ. ಒಟ್ಟು ಹೆಚ್ಚುವರಿ 2 ಹಾಗೇ ಉಳಿಯುತ್ತದೆ. ವಿಸ್ತೀರ್ಣದಲ್ಲಿ ಹೀಗಾಗುವುದಿಲ್ಲ. ಮೆಟ್ಟಿಲಿನ ಅಳತೆ ಹತ್ತನೇ ಒಂದಾದರೆ ತ್ರಿಭುಜದ ಜಾಗ ನೂರನೇ ಒಂದಾಗುತ್ತದೆ, ಸಂಖ್ಯೆ ಹತ್ತೇ ಪಟ್ಟು ಏರುತ್ತದೆ. ಹಾಗಾಗಿ ಜಾಗ ಸೋರಿಹೋಗುತ್ತದೆ, ಉದ್ದ ಸೋರುವುದಿಲ್ಲ.

ಇನ್ನೊಂದು ಥರ ಹೇಳುತ್ತೇನೆ. ಮೆಟ್ಟಿಲಿನ ಮೇಲೆ ಹೋಗುವ ಇರುವೆ ಒಂದು ಕ್ಷಣ ಅಡ್ಡ ಹೋಗುತ್ತದೆ, ಇನ್ನೊಂದು ಕ್ಷಣ ನೇರ ಮೇಲೆ ಹತ್ತುತ್ತದೆ. ಓರೆ ದಿಕ್ಕಿನಲ್ಲಿ ಅದು ಒಂದು ಕ್ಷಣವೂ ನಡೆಯುವುದಿಲ್ಲ. ಮೆಟ್ಟಿಲು ಗೆರೆಯ ಹತ್ತಿರ ಬಂತು, ಗೆರೆಯ ದಿಕ್ಕಿಗೆ ಬರಲಿಲ್ಲ. ಉದ್ದ ಸರಿಹೋಗಬೇಕಾದರೆ ಜಾಗ ಹತ್ತಿರವಾದರೆ ಸಾಲದು, ದಿಕ್ಕೂ ಹತ್ತಿರವಾಗಬೇಕು. ಆರ್ಕಿಮಿಡೀಸ್ ವೃತ್ತದ ಒಳಗೂ ಹೊರಗೂ 96 ಬದಿಗಳ ಬಹುಭುಜ ಇಟ್ಟು ಪೈ ಬೆಲೆಯನ್ನು ಹಿಡಿದನಲ್ಲ, ಅಲ್ಲಿ ಬದಿಗಳು ಹೆಚ್ಚಿದ ಹಾಗೆ ಅವುಗಳ ದಿಕ್ಕೂ ವೃತ್ತದ ದಿಕ್ಕಿಗೆ ತಿರುಗುತ್ತಾ ಬರುತ್ತದೆ. ಅದಕ್ಕೇ ಆ ಲೆಕ್ಕ ಸರಿ. ಅದೇ ವೃತ್ತದ ಸುತ್ತ ಒಂದು ಚೌಕ ಬರೆದು ಅದರ ಮೂಲೆಗಳನ್ನು ಮೆಟ್ಟಿಲಿನ ಹಾಗೆ ಒಳಕ್ಕೆ ಮಡಿಸುತ್ತಾ ಹೋದರೆ ಪೈ ಬೆಲೆ 4 ಎಂದು "ಸಾಧಿಸಬಹುದು". ನಿಮ್ಮ ಮಗಳಿಗೆ ಇದನ್ನೂ ತೋರಿಸಿ. ಖುಷಿ ಪಡುತ್ತಾಳೆ.

ಉದ್ದದಲ್ಲೇ ಯೋಚಿಸಿದರೆ ಅಂದಾಜು ಹೇಗೆ ಕೈಕೊಡುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ. 100 ಮೀಟರ್ ದೂರದಲ್ಲಿ ಎರಡು ಗೂಟ ಇವೆ. ನಡುವೆ ಹಗ್ಗ ಕಟ್ಟಿದ್ದೀರಿ, ಹಗ್ಗದ ಉದ್ದ 100 ಮೀಟರ್ 20 ಸೆಂಟಿಮೀಟರ್. ಬರೀ ಒಂದು ಗೇಣಿನಷ್ಟು ಜಾಸ್ತಿ. ಹಗ್ಗದ ನಡುಭಾಗ ಹಿಡಿದು ಮೇಲಕ್ಕೆ ಎತ್ತಿದರೆ ಎಷ್ಟು ಏಳುತ್ತದೆ? ಬಹಳ ಜನ ಒಂದು ಗೇಣು, ಒಂದು ಮೊಳ ಎನ್ನುತ್ತಾರೆ. ಲೆಕ್ಕ ಹಾಕಿ. ಅರ್ಧ ಹಗ್ಗ 50.1, ಅರ್ಧ ದೂರ 50. ವರ್ಗಗಳ ವ್ಯತ್ಯಾಸ 2510.01 − 2500 = 10.01. ವರ್ಗಮೂಲ 3.16. ಮೂರು ಮೀಟರಿಗೂ ಜಾಸ್ತಿ! ಒಬ್ಬ ಮನುಷ್ಯ ಇನ್ನೊಬ್ಬನ ಹೆಗಲ ಮೇಲೆ ಕೂತು ಕೆಳಗೆ ಹಾದುಹೋಗಬಹುದು.

ಇಷ್ಟು ಹೇಳಿದ ಮೇಲೂ ನಿಮ್ಮ "ವರ್ಗ ಯಾಕೆ" ಪೂರ್ತಿ ಮುಗಿಯುವುದಿಲ್ಲ. ಕಾಗದ ಸರಿಸುವ ಸಾಧನೆ ನಂಬಿಸುತ್ತದೆ, ಆದರೆ ಅದರಲ್ಲಿ ಸ್ವಲ್ಪ ಜಾದೂಗಾರನ ಕೈಚಳಕ ಇದೆ. ಮೂಲ ಕಾರಣ ಇನ್ನೂ ಸರಳವಾಗಿದೆ, ನನಗೆ ತುಂಬ ಇಷ್ಟವಾದದ್ದೂ ಅದೇ.

ಲಂಬಕೋನ ಇರುವ ಮೂಲೆಯಿಂದ ವಿಕರ್ಣಕ್ಕೆ ಒಂದು ಲಂಬ ಇಳಿಸಿ. ತ್ರಿಭುಜ ಎರಡು ಹೋಳಾಯಿತು. ಕೋನ ಹೋಲಿಸಿ ನೋಡಿದರೆ ಎರಡೂ ಹೋಳು ಮೊದಲಿನ ತ್ರಿಭುಜದ ಆಕಾರದವೇ. ಸಮರೂಪ ಎನ್ನುತ್ತೇವಲ್ಲ, ಅದು. ತಾಯಿಯ ಮುಖವೇ ಎರಡು ಮಕ್ಕಳಿಗೂ ಬಂದಿದೆ. ಒಂದು ಹೋಳಿನ ವಿಕರ್ಣ ಮೊದಲಿನ ತ್ರಿಭುಜದ 3 ಬಾಹು, ಇನ್ನೊಂದರ ವಿಕರ್ಣ 4 ಬಾಹು. ಅಂದರೆ ನಮ್ಮ ಕೈಯಲ್ಲಿ ಒಂದೇ ಆಕಾರದ ಮೂರು ತ್ರಿಭುಜಗಳಿವೆ, ಅವುಗಳ ವಿಕರ್ಣಗಳು 3, 4, 5. ಮೊದಲ ಎರಡು ಸೇರಿದರೆ ಮೂರನೆಯದು. ಯಾಕೆಂದರೆ ಅದನ್ನು ಕತ್ತರಿಸಿಯೇ ಅವು ಬಂದಿದ್ದು.

ಇನ್ನು ಬೇಕಾಗಿರುವುದು ಒಂದೇ ಸಂಗತಿ. ಆಕಾರ ಬದಲಾಗದೆ ಅಳತೆ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹಾಗಾಗಿ ಈ ಆಕಾರದ ತ್ರಿಭುಜದ ವಿಸ್ತೀರ್ಣ ಯಾವಾಗಲೂ ವಿಕರ್ಣದ ಮೇಲಿನ ಚೌಕದ ಒಂದು ನಿಗದಿ ಪಾಲು. ಇಲ್ಲಿ ಆ ಪಾಲು 6/25, ಅಂದರೆ 0.24. ಚಿಕ್ಕ ಹೋಳು 0.24 × 9 = 2.16. ದೊಡ್ಡ ಹೋಳು 0.24 × 16 = 3.84. ಕೂಡಿಸಿದರೆ 6, ಇಡೀ ತ್ರಿಭುಜ. ಎಲ್ಲ ಕಡೆಯಿಂದ ಆ 0.24 ತೆಗೆದುಬಿಡಿ, 9 + 16 = 25 ಉಳಿಯುತ್ತದೆ. ಐನ್‌ಸ್ಟೈನ್ ತಾವು ಹುಡುಗನಾಗಿದ್ದಾಗ ಸಮರೂಪ ತ್ರಿಭುಜಗಳ ಸಹಾಯದಿಂದ ಈ ಪ್ರಮೇಯವನ್ನು ಕಷ್ಟಪಟ್ಟು ಸಾಧಿಸಿದ್ದನ್ನು ಮುಂದೆ ನೆನಪು ಮಾಡಿಕೊಂಡಿದ್ದಾರೆ.

ವರ್ಗ ಎಲ್ಲಿಂದ ಬಂತು ಎಂದು ಈಗ ಕಾಣುತ್ತಿದೆಯಲ್ಲ? ಚೌಕಕ್ಕೆ ಇಲ್ಲಿ ಯಾವ ವಿಶೇಷ ಮರ್ಯಾದೆಯೂ ಇಲ್ಲ. ವಿಸ್ತೀರ್ಣ ಅಳತೆಯ ವರ್ಗದಂತೆ ಬೆಳೆಯುತ್ತದೆ, ಅಷ್ಟೇ. ಚೌಕದ ಬದಲು ಮೂರು ಬಾಹುಗಳ ಮೇಲೂ ಅರ್ಧವೃತ್ತ ಬರೆಯಿರಿ, ಚಿಕ್ಕವೆರಡು ಸೇರಿ ದೊಡ್ಡದಕ್ಕೆ ಸಮ. ಸಮಬಾಹು ತ್ರಿಭುಜ ಬರೆಯಿರಿ, ಆಗಲೂ ಸಮ. ನಿಮ್ಮ ಮಗಳು ಮೂರು ಬೆಕ್ಕಿನ ಚಿತ್ರ ಬರೆದರೂ ಸರಿಯೇ. ಆಕಾರ ಒಂದೇ ಇರಬೇಕು, ಅಳತೆ ಬಾಹುಗಳ ಅನುಪಾತದಲ್ಲಿರಬೇಕು. ಯೂಕ್ಲಿಡ್ ತನ್ನ ಗ್ರಂಥದ ಮೊದಲ ಭಾಗದ 47ನೇ ಪ್ರಮೇಯದಲ್ಲಿ ಚೌಕದ ಮಾತು ಹೇಳಿ, ಆರನೇ ಭಾಗದ 31ನೆಯದರಲ್ಲಿ ಇದೇ ಮಾತನ್ನು ಯಾವುದೇ ಸಮರೂಪ ಆಕೃತಿಗೆ ವಿಸ್ತರಿಸುತ್ತಾನೆ. ಪಠ್ಯಗಳು 47ನ್ನು ಇಟ್ಟುಕೊಂಡು 31ನ್ನು ಬಿಟ್ಟುಬಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ. ಅದೊಂದು ಇದ್ದಿದ್ದರೆ "ವರ್ಗ ಯಾಕೆ" ಎಂದು ಯಾರೂ ಕೇಳುತ್ತಲೇ ಇರಲಿಲ್ಲ.

ವಿಸ್ತೀರ್ಣಕ್ಕೆ ವರ್ಗವಾದರೆ, ಮೂರು ಆಯಾಮಕ್ಕೆ ಹೋದಾಗ ಘನ ಬರಬೇಕಲ್ವಾ? ಬರುವುದಿಲ್ಲ. 3, 4, 12 ಅಳತೆಯ ಒಂದು ಪೆಟ್ಟಿಗೆ. ಒಂದು ಮೂಲೆಯಿಂದ ಪೂರ್ತಿ ಎದುರಿನ ಮೂಲೆಗೆ ಒಂದು ಕಡ್ಡಿ ಇಡಬೇಕು. ತಳದ ಕರ್ಣ 5. ಆ 5 ಮತ್ತು ಎತ್ತರ 12 ಸೇರಿ ಇನ್ನೊಂದು ಲಂಬಕೋನ ತ್ರಿಭುಜ, ಅದರ ವಿಕರ್ಣ 13. ಒಂದೇ ಸಲಕ್ಕೆ ಬರೆದರೆ 9 + 16 + 144 = 169. ಪೆಟ್ಟಿಗೆಗೆ ಮೂರು ಆಯಾಮ ಇದ್ದರೂ ಪ್ರತಿ ಹೆಜ್ಜೆಯಲ್ಲೂ ನಾವು ಕೆಲಸ ಮಾಡಿದ್ದು ಒಂದು ಚಪ್ಪಟೆ ತ್ರಿಭುಜದ ಮೇಲೆ. ಅದಕ್ಕೇ ವರ್ಗ ವರ್ಗವಾಗಿಯೇ ಉಳಿಯಿತು.

ಚಪ್ಪಟೆ ಎನ್ನುವುದು ಇಲ್ಲಿ ಸಣ್ಣ ಮಾತಲ್ಲ. ಭೂಗೋಳದ ಮೇಲೆ ಉತ್ತರ ಧ್ರುವದಿಂದ ಸಮಭಾಜಕಕ್ಕೆ ನೇರ ಇಳಿಯಿರಿ, ಸುಮಾರು 10,000 ಕಿಲೋಮೀಟರ್. ಅಲ್ಲಿ ಲಂಬಕೋನಕ್ಕೆ ತಿರುಗಿ ಸಮಭಾಜಕದ ಕಾಲುಭಾಗ ನಡೆಯಿರಿ, ಮತ್ತೆ ಸುಮಾರು 10,000. ಪುನಃ ಲಂಬಕೋನಕ್ಕೆ ತಿರುಗಿ ಧ್ರುವಕ್ಕೆ ವಾಪಸ್, ಅದೂ ಸುಮಾರು 10,000. ಮೂರು ಬದಿಯೂ ಒಂದೇ, ಮೂರು ಕೋನವೂ 90! ಎರಡು ವರ್ಗ ಕೂಡಿಸಿದರೆ ಮೂರನೆಯದರ ಎರಡು ಪಟ್ಟಾಗುತ್ತದೆ, ಪ್ರಮೇಯ ಕೆಟ್ಟಿತು. ಗೋಳದ ಮೇಲ್ಮೈಯಲ್ಲಿ ಆಕಾರ ಹಾಗೇ ಇಟ್ಟು ಅಳತೆ ಮಾತ್ರ ಹೆಚ್ಚಿಸಲು ಆಗುವುದಿಲ್ಲ, ನಮ್ಮ ಸಾಧನೆ ನಿಂತಿದ್ದದ್ದೇ ಅದರ ಮೇಲೆ. ಚಿಕ್ಕ ತ್ರಿಭುಜಗಳಲ್ಲಿ ಈ ದೋಷ ಗೊತ್ತಾಗುವುದಿಲ್ಲ. ಹಾಗಾಗಿ ನೆಲ ಅಳೆಯುವಾಗ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪೈಥಾಗೊರಸನೋ ಬೌಧಾಯನನೋ ಎಂಬುದಕ್ಕೆ ಬರುತ್ತೇನೆ. ಈ ವಾದದಲ್ಲಿ ಜಗಳ ಆಡುವವರು ಸಾಮಾನ್ಯವಾಗಿ ಎರಡು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ: ಸಂಬಂಧ ಗೊತ್ತಿರುವುದು ಒಂದು, ಸಾಧನೆ ಬರೆದಿಡುವುದು ಇನ್ನೊಂದು.

ಸಂಬಂಧ ಗೊತ್ತಿದ್ದದ್ದಕ್ಕೆ ಬಹಳ ಹಳೆಯ ಸಾಕ್ಷಿ ಬ್ಯಾಬಿಲೋನಿನ ಮಣ್ಣಿನ ಹಲಗೆಗಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ಪ್ಲಿಂಪ್ಟನ್ 322 ಎಂಬ ಹಲಗೆಗೆ ಹತ್ತಿರಹತ್ತಿರ 3800 ವರ್ಷ. ಅದರಲ್ಲಿ 15 ಸಾಲು ಸಂಖ್ಯೆಗಳಿವೆ. ಒಂದು ಸಾಲಿನಲ್ಲಿ 119 ಮತ್ತು 169. ಇವುಗಳ ಜೊತೆ 120 ಇಟ್ಟರೆ ಲಂಬಕೋನ ತ್ರಿಭುಜ. ಇನ್ನೊಂದು ಸಾಲಿನಲ್ಲಿ 12709 ಮತ್ತು 18541 ಇದೆ, ಉಳಿದ ಬಾಹು 13500. ಇಂಥ ಸಂಖ್ಯೆ ಕಣ್ಣು ಮುಚ್ಚಿ ಕಲ್ಲು ಹೊಡೆದರೆ ಬೀಳುವಂಥದ್ದಲ್ಲ. ಅವರಿಗೆ ವಿಧಾನ ಗೊತ್ತಿತ್ತು. ಪೈಥಾಗೊರಸ್ ಬದುಕಿದ್ದು ಅದಾದ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ. ಅವನು ತಾನೇ ಬರೆದ ಒಂದು ಸಾಲೂ ಉಳಿದಿಲ್ಲ.

ಬೌಧಾಯನನ ಶುಲ್ಬಸೂತ್ರ ಯಜ್ಞವೇದಿ ಕಟ್ಟುವವರ ಕೈಪಿಡಿ. ಶುಲ್ಬ ಅಂದರೆ ಹಗ್ಗ. ಅಲ್ಲಿ ಹೇಳಿರುವ ಮಾತಿನ ಅರ್ಥ ಇಷ್ಟು: ಆಯತದ ಉದ್ದದ ಬದಿ ಮತ್ತು ಅಗಲದ ಬದಿ ಬೇರೆಬೇರೆಯಾಗಿ ಏನು ಮಾಡುತ್ತವೋ, ಕರ್ಣದ ಹಗ್ಗ ಒಂದೇ ಅಷ್ಟನ್ನೂ ಮಾಡುತ್ತದೆ. "ಮಾಡುತ್ತದೆ" ಅಂದರೆ ಅಷ್ಟು ಜಾಗದ ಚೌಕ ಮಾಡುತ್ತದೆ ಎಂದು. ನೋಡಿ, ಉದ್ದ ಕೂಡಿಸುವ ಮಾತೇ ಇಲ್ಲ, ನೇರವಾಗಿ ವಿಸ್ತೀರ್ಣದಿಂದಲೇ ಶುರು. ಎರಡು ವೇದಿಗಳಷ್ಟು ಜಾಗದ ಒಂದು ವೇದಿ ಬೇಕು ಎನ್ನುವವನಿಗೆ ಬೇಕಿದ್ದದ್ದೂ ಅದೇ ತಾನೇ. ಆಯತದ ಕರ್ಣ ಎಂದು ಹೇಳಿದ್ದಾನೆ, ತ್ರಿಭುಜ ಎಂದಿಲ್ಲ, ಅರ್ಥ ಒಂದೇ. 3-4, 5-12, 8-15, 7-24, 12-35 ಇಂಥ ಜೋಡಿಗಳನ್ನೂ ಹೆಸರಿಸಿದ್ದಾನೆ. ಸಾಧನೆ ಕೊಟ್ಟಿಲ್ಲ, ಕೈಪಿಡಿಯಲ್ಲಿ ಕೊಡಬೇಕಾಗಿಯೂ ಇರಲಿಲ್ಲ. ಒಂದೊಂದೇ ಹೆಜ್ಜೆ ಕಟ್ಟಿಕೊಂಡು ಬಂದ ಸಾಧನೆ ಯೂಕ್ಲಿಡ್‌ನದು, ಕ್ರಿಸ್ತಪೂರ್ವ 300ರ ಸುಮಾರಿಗೆ. ಹಾಗಾಗಿ ಸಂಬಂಧಕ್ಕೆ ಪೈಥಾಗೊರಸನ ಹೆಸರು ಅಂಟಿಕೊಂಡಿರುವುದು ಅಭ್ಯಾಸಬಲದಿಂದ. ಪರೀಕ್ಷೆಯಲ್ಲಿ ಆ ಹೆಸರೇ ಬರೆಯಲಿ ಬಿಡಿ, ಅಂಕ ಯಾಕೆ ಕಳೆದುಕೊಳ್ಳಬೇಕು.

ಸಾಧನೆಗಳು ನೂರಾರು ಇವೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಗಾರ್ಫೀಲ್ಡ್ 1876ರಲ್ಲಿ ಒಂದನ್ನು ಪ್ರಕಟಿಸಿದ್ದ. ನಾವು ಮೇಲೆ ಮಾಡಿದ 7ರ ಚೌಕವನ್ನು ಒಳಗಿನ ಓರೆ ಚೌಕದ ಕರ್ಣದ ಉದ್ದಕ್ಕೂ ಕತ್ತರಿಸಿ ಅರ್ಧ ಇಟ್ಟುಕೊಂಡರೆ ಅದೇ ಅವನ ಚಿತ್ರ.

ಇನ್ನು ದಾರ ಹಿಡಿದು ಮೂಲೆ ನೋಡುವ ವಿಷಯ. ಅದು ಇದೇ ಪ್ರಮೇಯವಲ್ಲ, ಇದರ ವಿಲೋಮ. ಪ್ರಮೇಯ ಹೇಳುವುದು: ಕೋನ 90 ಇದ್ದರೆ ವರ್ಗಗಳು ಕೂಡುತ್ತವೆ. ಕೆಲಸದವರಿಗೆ ಬೇಕಾಗಿರುವುದು ಉಲ್ಟಾ: ವರ್ಗಗಳು ಕೂಡಿದರೆ ಕೋನ 90 ಎನ್ನಬಹುದಾ? ಒಂದು ಮಾತು ನಿಜವಾದರೆ ಅದರ ಉಲ್ಟಾ ನಿಜ ಆಗಲೇಬೇಕು ಎಂದೇನಿಲ್ಲ. ಬೆಂಕಿಯಿದ್ದಲ್ಲಿ ಬಿಸಿ ಇರುತ್ತದೆ, ಬಿಸಿಯಿದ್ದಲ್ಲೆಲ್ಲ ಬೆಂಕಿ ಇರುವುದಿಲ್ಲ. ಆದರೆ ಇಲ್ಲಿ ಉಲ್ಟಾ ಕೂಡ ನಿಜ. ಕಾರಣ ಎರಡೇ ಸಾಲು. 3, 4 ಬಾಹುಗಳ ನಡುವೆ 90 ಡಿಗ್ರಿ ಇರುವ ಇನ್ನೊಂದು ತ್ರಿಭುಜ ಬರೆಯಿರಿ, ಅದರ ವಿಕರ್ಣ 5 ಆಗುತ್ತದೆ. ದಾರದ ತ್ರಿಭುಜದ ಮೂರು ಬದಿಯೂ ಇದರ ಮೂರು ಬದಿಗೆ ಸಮ, ಹಾಗಾಗಿ ಎರಡೂ ಸರ್ವಸಮ, ಕೋನವೂ ಅದೇ. ಯೂಕ್ಲಿಡ್ 47ರ ಹಿಂದೆಯೇ 48ನೆಯದಾಗಿ ಇಟ್ಟಿರುವುದು ಇದನ್ನೇ.

ನೀವೇ ಅಳೆಯಲು ಹೊರಟರೆ ಒಂದು ವಿಷಯ ಗಮನಿಸಿ. 3 ಅಡಿ, 4 ಅಡಿ ಗುರುತು ಮಾಡಿ ಓರೆ ಅಳತೆಯಲ್ಲಿ ಕಾಲು ಇಂಚು ತಪ್ಪಿದಿರಿ ಎಂದುಕೊಳ್ಳಿ. ಕೋನ ಅರ್ಧ ಡಿಗ್ರಿ ಹಾರುತ್ತದೆ. ಆ ಗೆರೆಯನ್ನೇ 30 ಅಡಿ ಗೋಡೆಗೆ ಎಳೆದರೆ ತುದಿಯಲ್ಲಿ ಸುಮಾರು 3 ಇಂಚು ಆಚೀಚೆ. 3-4-5ರ ಬದಲು 9-12-15 ಅಡಿ ಇಟ್ಟುಕೊಂಡು ಅದೇ ಕಾಲು ಇಂಚು ತಪ್ಪಿದರೆ 30 ಅಡಿಗೆ ಬರುವ ವ್ಯತ್ಯಾಸ ಒಂದೇ ಇಂಚಿನಷ್ಟು. ಟೇಪು ಜೋಲದ ಹಾಗೆ ಬಿಗಿಯಾಗಿ ಹಿಡಿಯಿರಿ, ಹಗ್ಗದ ಲೆಕ್ಕ ನೆನಪಿದೆಯಲ್ಲ. ನಾಲ್ಕು ಬದಿ ಗುರುತಾದ ಮೇಲೆ ಎದುರುಬದುರು ಬದಿಗಳು ಸಮ ಇವೆಯೇ ನೋಡಿ, ಆಮೇಲೆ ಎರಡು ಕರ್ಣಗಳನ್ನೂ ಅಳೆಯಿರಿ. ಅವೂ ಸಮ ಬಂದರೆ ನಾಲ್ಕು ಮೂಲೆಯೂ ಲಂಬಕೋನವೇ, ಮೂಲೆಮಟ್ಟ ಹುಡುಕಿಕೊಂಡು ಹೋಗಬೇಕಾಗಿಲ್ಲ.